ಸೋಮವಾರ ತಿರುವಬಾರದ ಕೀಲಿ

ಇವತ್ತು ಮಾಡಿದ ಕೆಲಸಗಳು ಇಷ್ಟು: ಬೆಳಗಿನ ಜಾವ ನಳ ಬಂದಿತ್ತು, ಕೊಡ, ಹಂಡೆ, ಡ್ರಮ್ಮು, ಕಡೆಗೆ ಪೂಜೆಯ ತಂಬಿಗೆಯವರೆಗೆ ತುಂಬಿದೆ. ಹತ್ತು ರೊಟ್ಟಿ ಬಡಿದೆ. ಅತ್ತೆಯವರಿಗೆ ಬಿ.ಪಿ. ಗುಳಿಗೆ ನೆನಪಿಸಿದೆ, ನುಂಗಿದೆನೆಂದರು, ನುಂಗಿರಲಿಲ್ಲ, ಮತ್ತೆ ನೆನಪಿಸಿದೆ. ಮಗಳ ಶಾಲೆಗೆ ರಜೆಯ ಚೀಟಿ ಬರೆದೆ. ರೋಣದ ನಿಲ್ದಾಣದಲ್ಲಿ ನರಗುಂದದ ಬಸ್ಸು ಹಿಡಿದು ಕಿಟಕಿಯ ಸೀಟನ್ನು ಮಗಳಿಗೆ ಬಿಟ್ಟೆ. ಅಲ್ಲಿ ದಂತವೈದ್ಯೆಯ ಕಂಪ್ಯೂಟರಿನ ಮುಂದೆ, ಮದುವೆಯಾದ ಮೇಲೆ ಮೊದಲ ಬಾರಿಗೆ, ಮೂರನೆಯವರ ಎದುರು ಗಂಡನೊಡನೆ ದನಿಯೆತ್ತಿ ಜಗಳವಾಡಿದೆ. ತಿರುಗಿ ಬಂದು ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಬಾಚಿ ಚೀಲಕ್ಕೆ ತುಂಬಿದೆ. ಈ ಎಲ್ಲ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ದಿನವಿಡೀ ಹಲ್ಲು ಕಡಿದೆ.

ನನ್ನನ್ನು ಬಲ್ಲವರು ನನಗೆ ಸಿಟ್ಟು ಬರುತ್ತದೆಂದರೆ ನಂಬುವುದಿಲ್ಲ. ಹಾಲು ಉಕ್ಕಿದರೆ ಒರೆಸುವವಳು, ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಕಾಯುವವಳು, ಕಾಯುವಾಗ ಚೀಲದಿಂದ ಅವರೆಕಾಯಿ ತೆಗೆದು ಸುಲಿಯುವವಳು ಎಂದು ನಮ್ಮ ಓಣಿಯಲ್ಲಿ ನನಗೊಂದು ಕೀರ್ತಿಯಿದೆ. ಅದರ ಜೊತೆಗೆ ಒಂದು ವಹಿಯೂ ಇದೆ. ಗ್ಯಾಸು ಯಾವತ್ತು ಹಚ್ಚಿದ್ದು, ಎಮ್ಮೆ ಯಾವತ್ತು ಈದದ್ದು, ಯಾರ ಮನೆಗೆ ಯಾವ ಡಬ್ಬಿ ಹೋಗಿ ಇನ್ನೂ ಬಂದಿಲ್ಲ ಎಂಬುದೆಲ್ಲ ಆ ವಹಿಯಲ್ಲಿ ದಿನಾಂಕಸಹಿತ ವಿರಾಜಮಾನವಾಗಿರುತ್ತದೆ. ಮನೆಯಲ್ಲಿ ವಾದ ಹುಟ್ಟಿದರೆ ನಾನು ಮಾತಾಡುವುದಿಲ್ಲ. ವಹಿ ತೆರೆಯುತ್ತೇನೆ, ವಾದ ಮುಗಿಯುತ್ತದೆ. ಇಂಥ ಸಾಧ್ವಿಗೆ ಇವತ್ತು ಬಂದ ಸಿಟ್ಟು ಎಂಥದೆಂದರೆ, ನರಗುಂದದಿಂದ ರೋಣದವರೆಗೂ ಕಂಡಕ್ಟರು ನಮ್ಮ ಮೂವರ ಬಳಿ ಟಿಕೇಟು ಕೇಳಲು ಎರಡು ಸಲ ಯೋಚಿಸಿದ.

ಕಾರಣ ಹೇಳಿಬಿಡುತ್ತೇನೆ. ಹತ್ತು ವರ್ಷದ ನನ್ನ ಮಗಳ ಕೆಳಗಿನ ಹಲ್ಲುಗಳು ಉಳಿಯುತ್ತವೋ ಇಲ್ಲವೋ ಎಂಬುದು ಇವತ್ತು ತಿಳಿಯಬೇಕಿತ್ತು.

ಮಗಳ ಹೆಸರು ಸಹನಾ. ಹೆಸರಿಟ್ಟವಳು ನಾನೇ, ಆ ಹೆಸರಿನ ಭಾರವನ್ನೆಲ್ಲ ಆಕೆಯ ದವಡೆಯ ಮೇಲೆ ಹೊರಿಸಿದವಳೂ ನಾನೇ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರತೊಡಗಿದಾಗ ಅವಳ ಕೆಳದವಡೆಯಲ್ಲಿ ಸ್ಥಳಾಭಾವ ತಲೆದೋರಿತು. ಸಂತೆಯ ದಿನದ ಬಸ್ಸಿನಲ್ಲಿ ಜನ ನಿಲ್ಲುತ್ತಾರಲ್ಲ, ಒಬ್ಬರ ಹೆಗಲ ಹಿಂದೆ ಒಬ್ಬರು, ಹಾಗೆ ಮುಂದಿನ ನಾಲ್ಕು ಹಲ್ಲುಗಳು ನಿಂತವು. ನಮ್ಮ ಕಾಲದಲ್ಲಾದರೆ ಯಾರೂ ಅದನ್ನು ನೋಡುತ್ತಲೇ ಇರಲಿಲ್ಲ. ಈಗ ಕಾಲ ಬದಲಾಗಿದೆ, ನಾವೂ ತಿಳಿದವರಾಗಿದ್ದೇವೆ. ಗಜೇಂದ್ರಗಡದ ಒಂದು ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನಗುವಿನಲ್ಲಿ ಧಾರಾಳಿ. ಕೆಳದವಡೆಯನ್ನು ಅಗಲ ಮಾಡಿದರೆ ಹಲ್ಲುಗಳಿಗೆ ಜಾಗ ಸಿಗುತ್ತದೆಂದು ಹೇಳಿ, ಒಂದು ಗುಲಾಬಿ ಬಣ್ಣದ ಪ್ಲೇಟು ಮಾಡಿಸಿಕೊಟ್ಟರು. ನಾಲಗೆಯ ಕೆಳಗೆ ಕೂರುವ ಆ ಪ್ಲೇಟಿನ ನಟ್ಟನಡುವೆ ಒಂದು ಪುಟ್ಟ ಸ್ಕ್ರೂ; ಅದನ್ನು ತಿರುವಲು ದಬ್ಬಣದ ತಮ್ಮನಂತಿರುವ ಒಂದು ತಂತಿಯ ಕೀಲಿ. ವಾರಕ್ಕೊಮ್ಮೆ, ಪ್ರತಿ ಸೋಮವಾರ, ಕಾಲು ಸುತ್ತು ತಿರುವಬೇಕು; ಆ ಕಾಲು ಸುತ್ತನ್ನೇ ನಾವು ಮನೆಯಲ್ಲಿ ಒಂದು ಸುತ್ತು ಎನ್ನುತ್ತಿದ್ದೆವು. ಪ್ಲೇಟು ಕೂದಲೆಳೆಯಷ್ಟು ಅಗಲವಾಗಿ ಎರಡೂ ಕಡೆಯ ಹಲ್ಲುಗಳನ್ನು ಹೊರಕ್ಕೆ ದೂಡುತ್ತದೆ. ಇಷ್ಟೇ ವಿಧಿ.

ಈ ವಿಧಿಯಲ್ಲಿ ಡಾಕ್ಟರು ಅರಿಯದೆ ಮಾಡಿದ ತಪ್ಪೆಂದರೆ ಸೋಮವಾರ. ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ. ಅದು ಬಸವಣ್ಣನ ದಿನ, ಎತ್ತು ಅಂದು ಮೇಯಬೇಕು, ಮಲಗಬೇಕು, ಮೈ ತೊಳೆಸಿಕೊಳ್ಳಬೇಕು. ಎತ್ತುಗಳನ್ನು ಮಾರಿ ಟ್ರ್ಯಾಕ್ಟರು ತಂದು ಎಷ್ಟೋ ವರ್ಷಗಳಾದವು. ನಮ್ಮ ಅತ್ತೆಯವರು ಅದನ್ನೂ ಸೋಮವಾರ ಹೊಲಕ್ಕೆ ಬಿಡುವುದಿಲ್ಲ, ಚಕ್ರಕ್ಕೆ ನೀರು ಹಾಕಿಸಿ ಕುಂಕುಮ ಹಚ್ಚುತ್ತಾರೆ. ಅಂಥವರ ಎದುರು ನಾನು ಮೊದಲ ಸೋಮವಾರ ಮಗಳ ಬಾಯಿ ತೆರೆಸಿ ಕೀಲಿ ಹಿಡಿದೆ.

"ಎತ್ತಿನ ಹೆಗಲ ಮ್ಯಾಲೆ ನೊಗಾ ಇಡಂಗಿಲ್ಲ ಇವತ್ತ, ಕೂಸಿನ ದವಡಿಗಿ ಕೀಲಿ ಹಾಕತೀ ಏನ? ನಿಮ್ಮ ಡಾಕ್ಟರಗ ಬ್ಯಾರೆ ವಾರಾ ಸಿಗಲಿಲ್ಲೇನ?"

"ಎತ್ತಲ್ರಿ ಅತ್ತಿ, ಹಲ್ಲು," ಎಂದೆ.

"ದುಡಿಯೂವು ಎರಡೂ ಹೌದಲ್ಲ," ಎಂದರು.

ವಾದಿಸುವುದು ನನ್ನ ಜಾಯಮಾನವಲ್ಲ. ಕೀಲಿಯನ್ನು ದೇವರ ಜಗಲಿಯ ಮೇಲಿಟ್ಟೆ. ಒಂದು ದಿನ ಮೊದಲಾದರೇನು ಎಂದು ಮುಂದಿನ ವಾರದಿಂದ ರವಿವಾರವೇ, ತಲೆಸ್ನಾನ ಮಾಡಿಸಿದ ಮೇಲೆ, ಬಚ್ಚಲ ಹತ್ತಿರದ ಬೆಳಕಿನಲ್ಲಿ ತಿರುವತೊಡಗಿದೆ. ಅತ್ತೆಯವರಿಗೆ ಹೇಳಲಿಲ್ಲ, ಹೇಳಿದರೆ ರವಿವಾರಕ್ಕೂ ಒಂದು ದೇವರು ಹುಟ್ಟಿಯಾನೆಂಬ ಭಯ. ವಹಿಯಲ್ಲಿ ಮಾತ್ರ ತಪ್ಪದೆ ಬರೆದೆ: "ಪ್ಲೇಟು, ಒಂದು ಸುತ್ತು." ಮುಂದಿನ ರವಿವಾರ ಮತ್ತೆ: "ಪ್ಲೇಟು, ಒಂದು ಸುತ್ತು." ಅಕ್ಷರ ದುಂಡಗೆ, ಸಾಲು ನೆಟ್ಟಗೆ.

ಒಂದೂವರೆ ತಿಂಗಳಿಗೆ ಗಜೇಂದ್ರಗಡಕ್ಕೆ ಹೋದಾಗ ಡಾಕ್ಟರು ಹಲ್ಲಿನ ಅಚ್ಚು ತೆಗೆದು, ಬಿಳಿ ಸುಣ್ಣದಂಥ ಆ ಅಚ್ಚಿನ ಮೇಲೆ, ಬಲಗಡೆಯ ಹಲ್ಲಿನ ತುದಿಯಿಂದ ಎಡಗಡೆಯ ಹಲ್ಲಿನ ತುದಿಗೆ ಅಳತೆಗೋಲು ಹಿಡಿದು ಹಿಗ್ಗಿಹೋದರು. "ನೋಡ್ರಿ ಅಕ್ಕಾರ, ದವಡಿ ಹ್ಯಾಂಗ ಅರಳೇತಿ! ಇಷ್ಟ ಲಗೂ ಯಾರ್ದೂ ಅರಳಿದ್ದಿಲ್ಲ." ನಾವೂ ಹಿಗ್ಗಿದೆವು. ಹಳೆಯ ಅಚ್ಚನ್ನೂ ಹೊಸ ಅಚ್ಚನ್ನೂ ಅಕ್ಕಪಕ್ಕ ಗಾಜಿನ ಕಪಾಟಿನಲ್ಲಿ ಬಂದವರಿಗೆ ಕಾಣುವಂತೆ ಇಡಲು ಅಪ್ಪಣೆ ಕೇಳಿದರು. ನನ್ನ ಯಜಮಾನರು, ಮಾರುಕಟ್ಟೆಯಲ್ಲಿ ಕಡಲೆಯ ಚೀಲದೊಳಗೆ ಮೊಳಕೈತನಕ ಕೈ ಹಾಕಿ ತಳದ ಕಾಳು ತೆಗೆಸಿ ನೋಡದೆ ಮಾತಾಡದ ಮನುಷ್ಯರು, ಅಂದು ಮೇಲುಮೇಲಿನ ಹೊಗಳಿಕೆಗೆ ಕೊರಳುದ್ದ ಮಾಡಿ, "ಇಡ್ರಿ, ಇಡ್ರಿ," ಎಂದರು. ಅರಳಲು ಅದು ಹೂವೇನ್ರಿ ಎಂದು ಕೇಳುವ ಬುದ್ಧಿ ನನಗೆ ಅಂದು ಬರಲಿಲ್ಲ. ಇವತ್ತು ಬಸ್ಸಿನಲ್ಲಿ ಬಂತು.

ಹೋದ ತಿಂಗಳು ಮಗಳು ರೊಟ್ಟಿಯ ತುಣುಕನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟು, "ಅವ್ವಾ, ಹಲ್ಲ ಅಳ್ಳಾಡಾಕತ್ತೇತಿ," ಎಂದಳು. ಹಾಲುಹಲ್ಲಿರಬೇಕೆಂದು ಬೆರಳಿಟ್ಟು ನೋಡಿದೆ. ಹಿಂದಿನ ದವಡೆಹಲ್ಲು, ಮತ್ತೊಮ್ಮೆ ಬರುವಂಥದಲ್ಲ. ನರಗುಂದಕ್ಕೆ ವಾರದಲ್ಲಿ ಎರಡು ದಿನ ಬರುವ ದಂತವೈದ್ಯೆಯೊಬ್ಬರ ಬಳಿ ಓಡಿದೆವು. ಅವರು ಹೊಗಳಲಿಲ್ಲ, ಹೆದರಿಸಲೂ ಇಲ್ಲ. ತುದಿ ನೋಡಿದರೆ ಬುಡ ತಿಳಿಯುವುದಿಲ್ಲ, ಒಂದು ತ್ರೀ-ಡಿ ಸ್ಕ್ಯಾನ್ ಬೇಕು ಎಂದು ಹುಬ್ಬಳ್ಳಿಗೆ ಚೀಟಿ ಬರೆದರು. ಅಲ್ಲಿ ಮಗಳು ಗದ್ದವನ್ನು ಒಂದು ಆಸರೆಯ ಮೇಲಿಟ್ಟು ಕಲ್ಲಿನ ಗೊಂಬೆಯಂತೆ ನಿಂತಳು, ಯಂತ್ರದ ತೋಳು ಅವಳ ತಲೆಯನ್ನು ಪ್ರದಕ್ಷಿಣೆ ಹಾಕಿತು, ಅಷ್ಟರಲ್ಲಿ ಮುಗಿಯಿತು. ಆ ಪ್ರದಕ್ಷಿಣೆಯ ಫಲ ನೋಡಲೆಂದೇ ಇವತ್ತಿನ ಪ್ರಯಾಣ.

ಪರದೆಯ ಮೇಲೆ ನನ್ನ ಮಗಳ ದವಡೆ ತೇಲುತ್ತಿತ್ತು. ಹೆತ್ತವಳು ನೋಡಬಾರದ ನೋಟ ಅದು. ಚರ್ಮವಿಲ್ಲದೆ, ತುಟಿಯಿಲ್ಲದೆ, ಬೂದಿ ಬಣ್ಣದಲ್ಲಿ. ಡಾಕ್ಟರು ಮೌಸು ಸರಿಸಿದಂತೆಲ್ಲ ಅದು ಮಗ್ಗುಲಾಗುತ್ತಿತ್ತು, ಅಡಿಮೇಲಾಗುತ್ತಿತ್ತು. ಮತ್ತೆ ಮೂಲಂಗಿ ಹೆಚ್ಚಿದಂತೆ ಬಿಲ್ಲೆಬಿಲ್ಲೆಯಾಗಿ ಬರುತ್ತಿತ್ತು. ಒಂದು ಬಿಲ್ಲೆಯ ಹತ್ತಿರ ಅವರು ನಿಂತರು.

"ಮ್ಯಾಲಿನ ದವಡಿ ಸಣ್ಣ ಹುಡುಗರಿಗೆ ಎರಡ ಕದದ ಬಾಗಲ ಇದ್ದಂಗ, ನಡುವ ಬೆಸುಗಿ ಇರತೈತಿ, ದೂಡಿದ್ರ ತೆರೀತೈತಿ. ಕೆಳಗಿಂದು ಹಂಗಲ್ರಿ ಅಕ್ಕಾರ. ಕೂಸಿಗೆ ವರ್ಷ ತುಂಬೂದ್ರಾಗ ಕೂಡಕೊಂಡು ಒಂದಽ ಹಲಗಿ ಆಗಿಬಿಡತೈತಿ. ದೂಡಿದ್ರ ಎಲಬ ಅಗಲ ಆಗಂಗಿಲ್ಲ, ಹಲ್ಲ ಹೊರಗ ವಾಲತಾವು. ಸ್ವಲ್ಪ ವಾಲಿದ್ರ ನಡೀತೈತಿ, ಅದಕ್ಕಽ ಈ ಪ್ಲೇಟ್ ಕೊಡೂದು. ಇಲ್ಲಿ ಭಾಳ ವಾಲ್ಯಾವು. ನೋಡ್ರಿ, ಬೇರಿನ ಹೊರಗಿನ ಎಲಬ ಎಷ್ಟ ತೆಳ್ಳಗಾಗೇತಿ."

ನೋಡಿದೆ. ಹಲ್ಲಿನ ತುದಿ ಹೊರಗೆ, ಬೇರು ಇದ್ದಲ್ಲೇ ಓರೆಯಾಗಿ. ಬೇರಿಗೂ ಹೊರಗಿನ ಲೋಕಕ್ಕೂ ನಡುವೆ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ಬಿಳಿಯ ಗೆರೆ. ಒಂದು ಕಡೆ, ಎಡಗಡೆಯಲ್ಲಿ, ಆ ಗೆರೆಯೂ ಕಾಣುತ್ತಿರಲಿಲ್ಲ. ಪರದೆಯನ್ನು ಬಾಯಿ ತೆರೆದು ನೋಡುತ್ತಿದ್ದ ಯಜಮಾನರಿಗೆ ಈ ಶಾಸ್ತ್ರವೆಲ್ಲ ಒಮ್ಮೆಲೇ ತಮ್ಮ ಹೊಲದ ಭಾಷೆಯಲ್ಲಿ ಅರ್ಥವಾಯಿತು.

"ಅಲ್ರಿ ಮೇಡಮ್ಮರ, ಬಾಂದಗಲ್ಲ ಹೊರಗ ವಾಲಿಸಿದ್ರ ಹೊಲ ದೊಡ್ಡದಾಗತೈತೇನ್ರಿ? ಆ ಮನಿಶ್ಯಾ ಕಲ್ಲಿನ ತುದೀಗೆ ಹಗ್ಗಾ ಹಿಡದು ಅಳದು, ಹೊಲ ಅರಳೇತಿ ಅಂದಾ? ನಾವು ಹೂಂ ಅಂದ್ವಿ?"

"ಅವ್ರದಷ್ಟಽ ತಪ್ಪಂತ ಹೇಳಾಕ ಬರೂದಿಲ್ಲ," ಎಂದರು ಡಾಕ್ಟರು. ಎಲ್ಲ ಮಕ್ಕಳಿಗೂ ಈ ಸ್ಕ್ಯಾನು ಬೇಕಾಗುವುದಿಲ್ಲ, ಸುಮ್ಮಸುಮ್ಮನೆ ಕಿರಣ ಹಾಯಿಸುವುದೂ ಸರಿಯಲ್ಲ ಎಂದರು. "ಆದ್ರ ಇಷ್ಟ ಲಗೂ ಅಗಲ ಆತಂದ್ರ ಸಂಶೆ ಬರಬೇಕಾಗಿತ್ತು. ವಾರಕ್ಕ ಒಂದ ಸಲ ತಿರುವಿದ್ರ ಇಷ್ಟ ಆಗಂಗಿಲ್ಲ. ಕೀಲಿ ತಿರುವವರು ಯಾರು?"

"ನಾನಽರಿ," ಎಂದೆ ನಾನು.

"ನಾನಽರಿ," ಎಂದರು ಯಜಮಾನರು.

ಒಂದೇ ಉಸಿರಿನಲ್ಲಿ, ಸಪ್ತಪದಿಯಲ್ಲೂ ಕಾಣದಿದ್ದ ಏಕಕಂಠದಲ್ಲಿ.

ಸಂಗತಿ ಹೊರಬಿತ್ತು. ಸೋಮವಾರ ನನ್ನ ಕೈಯಿಂದ ಕೀಲಿ ಬಿಡಿಸಿದ ಅತ್ತೆಯವರು ಸೊಸೆ ಅದನ್ನು ಅಷ್ಟಕ್ಕೇ ಬಿಟ್ಟಳೆಂದು ತಿಳಿದು, ಮರುದಿನ ಮಗನನ್ನು ಕರೆದು ಹೇಳಿದ್ದರಂತೆ: "ಕೂಸಿಂದು ಒಂದ ಸುತ್ತ ತಪ್ಪೇತಿ, ಇವತ್ತ ನೀ ತಿರುವು, ಮುಂದೂ ಮಂಗಳವಾರಕ್ಕೊಮ್ಮೆ ನೀನಽ ತಿರುವು. ಆಕಿಗಿ ಹೇಳಬ್ಯಾಡ, ತನ್ನ ಕೆಲಸಾ ತಪ್ಪಿತಂತ ಮರಗತಾಳ." ಇವರೂ, ನಾನು ಮರುಗಬಾರದೆಂಬ ಪರಮಪ್ರೀತಿಯಿಂದ, ಪ್ರತಿ ಮಂಗಳವಾರ ನಾನು ಹಿಟ್ಟಿನ ಗಿರಣಿಗೆ ಹೋದ ಹೊತ್ತಿನಲ್ಲಿ ಜಗಲಿಯಿಂದ ಕೀಲಿ ತೆಗೆದು, ಮಗಳ ಬಾಯಿ ತೆರೆಸಿ, ಒಂದು ಸುತ್ತು ತಿರುವಿ, ಅವ್ವನಿಗೆ ಹೇಳಬೇಡವೆಂದು ಅವಳಿಗೂ ಹೇಳಿ, ಕೀಲಿಯನ್ನು ಇದ್ದಲ್ಲೇ ಇಟ್ಟು ತಮ್ಮ ಕಾಳಿನ ಅಂಗಡಿಗೆ ಹೋಗುತ್ತಿದ್ದರು. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮೂವರು ದೊಡ್ಡವರು ಸೇರಿ ಒಂದು ಮಗುವನ್ನು ವಾರಕ್ಕೆರಡು ಸಲ ನೋಯಿಸಿದ್ದೆವು.

ಜಗಳ ಆಗಲೇ ಆದದ್ದು. "ನನಗೊಂದ ಮಾತ ಹೇಳಿದ್ರ ಬಾಯಾಗಿನ ಮುತ್ತ ಉದುರತಿದ್ದುವೇನ್ರಿ?" ಎಂದೆ. "ನೀ ಹೇಳಿದ್ದೇನ ರವಿವಾರ ತಿರುವತೀನಂತ?" ಎಂದರು. "ವಹಿಯಾಗ ಬರದಿತ್ತಲ್ಲ!" ಎಂದೆ. "ನಿನ್ನ ವಹಿ ಓದಾಕ ಈ ಮನಿಯಾಗ ಯಾರಿಗೆ ಧೈರ್ಯ ಐತಿ?" ಎಂದರು. ಡಾಕ್ಟರು ಪರದೆಯ ಕಡೆ ಮುಖ ತಿರುಗಿಸಿ ಏನನ್ನೋ ಅಳೆಯುವವರಂತೆ ನಟಿಸಿದರು. ಕುರ್ಚಿಯಲ್ಲಿ ಕಾಲು ತೂಗಾಡಿಸುತ್ತ ಕುಳಿತಿದ್ದ ಮಗಳು, ದನಿಯೇರಿಸದೆ, ಯಾರನ್ನೂ ನೋಡದೆ ಹೇಳಿದಳು:

"ನಾ ಹೇಳಿದ್ದೆ ಅವ್ವಗ. ವಾರಕ್ಕ ಎರಡ ಸಲ ಆಗಾಕತ್ತೇತಿ ಅಂತ."

ಹೇಳಿದ್ದಳು. ನನಗೆ ಆ ರವಿವಾರದ ಬಿಸಿಲೂ ನೆನಪಿದೆ. ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು, ತುಟಿ ಬಿಗಿಹಿಡಿದು, "ಬ್ಯಾಡವ್ವಾ, ಈ ವಾರದ್ದು ಆಗೇತಿ, ಎರಡ ಸಲ ಆಗತೈತಿ," ಎಂದಿದ್ದಳು. ತಪ್ಪಿಸಿಕೊಳ್ಳಲು ಕಟ್ಟಿದ ನೆಪ ಎಂದುಕೊಂಡು ನಾನು ವಹಿ ತೆರೆದು ತೋರಿಸಿದ್ದೆ: "ನೋಡಿಲ್ಲೆ, ಹೋದ ರವಿವಾರ ಆದಮ್ಯಾಲೆ ಇವತ್ತಽ. ಸುಳ್ಳ ಹೇಳಬಾರದು." ಅವಳು ವಹಿಯನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿ ತೆರೆದಳು. ಆ ದಿನದ ಸಾಲಿನಲ್ಲಿ ನಾನು ಬರೆದದ್ದು ಹೀಗಿದೆ: "ಪ್ಲೇಟು, ಒಂದು ಸುತ್ತು. ಹಠ ಮಾಡಿದಳು."

ಸಿಟ್ಟಿಗೂ ಒಂದು ವಿಳಾಸ ಬೇಕಾಗುತ್ತದೆ. ಮೊದಲು ಗಜೇಂದ್ರಗಡಕ್ಕೆ ಕಳಿಸಿದೆ, ಆಮೇಲೆ ಪಕ್ಕದ ಕುರ್ಚಿಗೆ, ಆಮೇಲೆ ರೋಣದಲ್ಲಿ ಜಪಮಾಲೆ ಹಿಡಿದು ಕುಳಿತ ಅತ್ತೆಯವರಿಗೆ. ಎಲ್ಲ ಕಡೆಯಿಂದಲೂ ತಿರುಗಿ ನನ್ನ ಬಾಗಿಲಿಗೇ ಬಂತು. ಸುಣ್ಣದ ಅಚ್ಚಿನ ತುದಿಗೆ ಕೋಲು ಹಿಡಿದವನನ್ನು ಬೈಯುವ ನಾನು ಮಾಡಿದ್ದೇನು? ಅವನದು ಅಚ್ಚು, ನನ್ನದು ವಹಿ. ಎರಡರಲ್ಲೂ ಉದ್ದ ಸರಿಯಿತ್ತು, ಅಗಲ ಸರಿಯಿತ್ತು. ಹಠ ಎಂದು ಬರೆದಲ್ಲಿ ನೋವು ಎಂದು ಬರೆಯಲು ಒಂದೇ ಒಂದು ಅಕ್ಷರವೂ ಹೆಚ್ಚು ಬೇಕಿರಲಿಲ್ಲ. ಮೂರನೆಯ ಆಯಾಮವನ್ನು ನೋಡಲು ಹುಬ್ಬಳ್ಳಿಯ ಯಂತ್ರವೇ ಬೇಕಿತ್ತೆ? ಮಗಳೇ ಬಾಯಿಬಿಟ್ಟು ಹೇಳಿದ್ದಳು. ಓದುವ ಮಹನೀಯರೇ, ನೀವು ಸಮಾಧಾನ ಹೇಳಲು ಬರಬೇಡಿ. ಸಮಾಧಾನ ಹೇಳುವ ಕೆಲಸವನ್ನು ಈ ಊರಿನಲ್ಲಿ ಇಷ್ಟು ವರ್ಷ ನಾನೇ ಮಾಡಿದ್ದೇನೆ, ಅದರ ಬೆಲೆ ನನಗೆ ಗೊತ್ತಿದೆ.

"ನನ್ನ ಹಲ್ಲ ಬೀಳ್ತಾವೇನ್ರಿ?" ಎಂದು ಮಗಳೇ ಕೇಳಿದಳು.

ಡಾಕ್ಟರು ನಮ್ಮಿಬ್ಬರನ್ನೂ ಬಿಟ್ಟು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. "ಹಿಂಗಽ ತಿರುವಿದ್ರ ಬೀಳ್ತಿದ್ದುವು ತಂಗಿ. ಈಗ ನಿಂದ್ರಸೂಣು. ಸ್ಕ್ರೂ ಸ್ವಲ್ಪ ಹಿಂದಕ್ಕ ತಿರುವತೀನಿ, ಒತ್ತು ಕಡಿಮಿ ಆಗತೈತಿ. ಸಣ್ಣಾಕಿ ಅದಿ, ಎಲಬ ಮತ್ತ ತುಂಬಕೋಬಹುದು. ಅಲ್ಲೀತನಕ ಗಟ್ಟಿ ಉಣಬ್ಯಾಡ. ಎಡಗಡೆದ ಒಂದ ಹಲ್ಲಿಂದ ಮಾತ್ರ ಈಗಽ ಖರೇ ಹೇಳಾಕ ಆಗೂದಿಲ್ಲ. ಆರ ತಿಂಗಳ ನೋಡೂಣು."

"ಆರ ತಿಂಗಳ ಯಾರೂ ತಿರುವಂಗಿಲ್ಲ?"

"ಯಾರೂ ತಿರುವಂಗಿಲ್ಲ."

ಆಮೇಲೆ ನನ್ನ ಕಡೆ ಕೈ ಚಾಚಿ, "ಕೀಲಿ ಕೊಡ್ರಿ ಅಕ್ಕಾರ, ನನ್ನ ಹತ್ರಽ ಇರಲಿ," ಎಂದರು. ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೋಗಿದ್ದ ಅದನ್ನು ಬಿಚ್ಚಿ ಕೊಟ್ಟೆ. ಅಧಿಕಾರ ಕಳೆದುಕೊಂಡ ಪಂಚಾಯ್ತಿ ಸದಸ್ಯೆಯ ಹಾಗೆ ಒಂದು ಕ್ಷಣ ಕೈ ಖಾಲಿಯೆನಿಸಿತು, ಮರುಕ್ಷಣ ಹಗುರವೆನಿಸಿತು. ಅವರು ಸ್ಕ್ರೂವನ್ನು ಹಿಂದಕ್ಕೆ ತಿರುವಿ, ಕೀಲಿಯನ್ನು ಡ್ರಾವರಿಗೆ ಹಾಕಿ ದೂಡಿದ ಸದ್ದಿಗೆ ಮಗಳು ಮೊದಲ ಬಾರಿಗೆ ಕಾಲು ತೂಗಾಡಿಸುವುದನ್ನು ನಿಲ್ಲಿಸಿದಳು.

ನರಗುಂದದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಗಜೇಂದ್ರಗಡದ ಡಾಕ್ಟರಿಗೆ ಫೋನು ಮಾಡಿದೆ. ಅವರೆಕಾಯಿ ಸುಲಿಯುವ ಮನಸ್ಸಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ನಮ್ಮ ತಪ್ಪನ್ನೂ ಮುಚ್ಚಿಡದೆ ಹೇಳಿ, "ನಮ್ಮ ಹುಡುಗಿ ಅಚ್ಚು ಕಪಾಟಿನ್ಯಾಗಿಂದ ತಗೀರಿ," ಎಂದೆ.

"ಇರ್ಲಿ ಬಿಡ್ರಿ ಅಕ್ಕಾರ, ನೋಡಿದವರೆಲ್ಲಾ ಭಾಳ ಹೊಗಳತಾರ," ಎಂದರು.

"ಹೊಗಳಾವ್ರಿಗೆ ಬುಡಾ ಕಾಣಂಗಿಲ್ರಿ. ಇವತ್ತಽ ತಗೀರಿ. ತಗದು, ಮುಂದ ಬರೂ ಕೂಸಿನ ತಾಯಿಗೆ ಕೀಲಿ ಕೊಡೂಮುಂದ, ಮನಿಯಾಗ ಯಾರ ಯಾರ ತಿರುವತೀರಿ ಅಂತ ಕೇಳ್ರಿ. ತಾಯಿನ್ನ ಕೇಳಬ್ಯಾಡ್ರಿ. ಕೂಸಿನ್ನ ಕೇಳ್ರಿ."

"ತಗೀತೀನ್ರಿ," ಎಂದರು. ನನ್ನ ದನಿಗೆ ನಿಲ್ದಾಣದಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಯಜಮಾನರು ಅವರಿಗೂ ನನಗೂ ನಡುವೆ ಬಂದು ನಿಂತರು; ಯಾರನ್ನು ಯಾರಿಂದ ಕಾಪಾಡಲೆಂದು ಕೇಳಲಿಲ್ಲ.

ಮನೆಯಲ್ಲಿ ಅತ್ತೆಯವರು ಎಲ್ಲ ಕೇಳಿಸಿಕೊಂಡು, ಜಪಮಾಲೆಯ ಮಣಿ ದಾಟಿಸುತ್ತಲೇ, "ಸೋಮವಾರ ತಿರುವಿದ್ರ ಇದಕ್ಕಿಂತಾ ಕೆಡತಿತ್ತು," ಎಂದರು. ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. ಮೆಣಸಿನಕಾಯಿಯ ನೆಪ ಮಾಡಿ ಮಾಳಿಗೆ ಹತ್ತಿದೆ. ಇಳಿದು ಬರುವಷ್ಟರಲ್ಲಿ, ಮೊಣಕಾಲು ನೋವೆಂದು ಎರಡು ವರ್ಷಗಳಿಂದ ಅಡುಗೆಮನೆಯ ಹೊಸ್ತಿಲು ದಾಟದ ಅವರು, ಒಲೆಯ ಮುಂದೆ ನಿಂತು ಜೋಳದ ನುಚ್ಚು ಕುದಿಸುತ್ತಿದ್ದರು. "ಗಟ್ಟಿ ಉಣಬಾರದಂತ ಹೇಳ್ಯಾರಲ್ಲ," ಎಂದರು, ನನ್ನ ಕಡೆ ತಿರುಗದೆ. ಸೌಟನ್ನು ನಾನು ಅವರ ಕೈಯಿಂದ ತೆಗೆದುಕೊಳ್ಳಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಆದರೂ ಮಜ್ಜಿಗೆ ಕಡೆದು ಪಕ್ಕದಲ್ಲಿಟ್ಟೆ.

ಊಟಕ್ಕೆ ನುಚ್ಚು, ಮಜ್ಜಿಗೆ, ಮೆತ್ತಗೆ ಬೇಯಿಸಿದ ಹೆಸರುಬೇಳೆ. ಬೆಳಗಿನ ರೊಟ್ಟಿ ಬುಟ್ಟಿಯಲ್ಲಿ ಹಾಗೆಯೇ ಇತ್ತು. ಖಡಕ್ ರೊಟ್ಟಿಯಿಲ್ಲದೆ ಕೈತೊಳೆಯದ ಯಜಮಾನರು ಬುಟ್ಟಿಯ ಕಡೆ ನೋಡದೆ ಎರಡು ಸಲ ನುಚ್ಚು ಹಾಕಿಸಿಕೊಂಡರು. ಮಗಳು ಒಂದು ಬಟ್ಟಲು ಮುಗಿಸಿ, ಬಾಯಿ ಮುಕ್ಕಳಿಸಿ, ಪ್ಲೇಟು ತಾನೇ ತೊಳೆದು ಹಾಕಿಕೊಂಡು, ಎಲ್ಲರಿಗಿಂತ ಮೊದಲು ಮಲಗಿದಳು. ಹೊದಿಕೆ ಸರಿಮಾಡಲು ಹೋದಾಗ ಕಂಡೆ: ಎಡಗೆನ್ನೆಯನ್ನು ದಿಂಬಿಗೆ ಒತ್ತಿ, ಮಗ್ಗುಲಾಗಿ ಮಲಗಿದ್ದಳು. ಎರಡು ತಿಂಗಳಿಂದ ಅವಳು ಅಂಗಾತವಾಗಿಯೇ ಮಲಗುತ್ತಿದ್ದಳು. ನಾನು ಅದನ್ನು ಸೆಕೆಗೆ ಎಂದುಕೊಂಡಿದ್ದೆ.